ಕೆಡದ ದೋಣಿ

"ಗುರುಗಳೇ, ಊರಿನಲ್ಲಿ ನನ್ನ ಅಣ್ಣನಿದ್ದಾನೆ. ನೋಡಲು ಹೋಗದೆ ಬಹಳ ಕಾಲವಾಯಿತು. ಆದರೆ ಅವನ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿಲ್ಲ. ಮನಸ್ಸಿನಲ್ಲಿ ಪ್ರೀತಿ ಗಟ್ಟಿಯಾಗಿದ್ದರೆ ಸಾಲದೇ?" ಎಂದು ಶಿಷ್ಯ ಕೇಳಿದ.

"ಇದನ್ನು ಕೇಳಲು ನನ್ನ ತನಕ ನಡೆದು ಬಂದೆಯಲ್ಲ, ಕಾಲೂ ಗಟ್ಟಿಯಾಗಿಯೇ ಇದೆ" ಎಂದು ಗುರು ನಕ್ಕರು. ಆಮೇಲೆ ಕತೆ ಹೇಳಿದರು.

ಕಡಲ ತೀರದ ಊರಿನಲ್ಲಿ ಒಬ್ಬ ಹಂಚಿನ ವ್ಯಾಪಾರಿ ಇದ್ದ. ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಅವಳನ್ನು ತೆಂಕು ದಿಕ್ಕಿನ ಇನ್ನೊಂದು ಕಡಲೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ವ್ಯಾಪಾರಿಯ ಬಳಿ ಮರದ ಪುಟ್ಟ ಹಾಯಿದೋಣಿ ಇತ್ತು. ಮರದ ದೋಣಿಯ ಸ್ವಭಾವ ನಿನಗೆ ಗೊತ್ತಿರಲಿಕ್ಕಿಲ್ಲ. ಮಳೆಗಾಲದಲ್ಲಿ ಅದನ್ನು ದಡಕ್ಕೆ ಎಳೆದಿಡುತ್ತಾರೆ. ಬಿಸಿಲು ಬಿದ್ದ ಮೇಲೆ ಬೇಗ ನೀರಿಗೆ ಇಳಿಸದಿದ್ದರೆ ಹಲಗೆಗಳು ಒಣಗಿ ಬಾಯಿ ಬಿಡುತ್ತವೆ. ಆದ್ದರಿಂದ ಎಷ್ಟೇ ಕೆಲಸವಿದ್ದರೂ ಅವನು ವರ್ಷಕ್ಕೊಮ್ಮೆ ದೋಣಿ ಇಳಿಸುತ್ತಿದ್ದ. ಇಳಿಸಿದ ಮೇಲೆ ಸುಮ್ಮನೆ ಕಟ್ಟಿಹಾಕುವುದೇಕೆ ಎಂದು ಹಾಯಿ ಬಿಚ್ಚಿ, ದಡದ ಉದ್ದಕ್ಕೂ ಸಾಗಿ, ಅಕ್ಕನ ಊರಿಗೆ ಹೋಗುತ್ತಿದ್ದ. ಅವಳು ಬಡಿಸಿದ್ದನ್ನು ಉಂಡು, ಅವಳ ಬೈಗುಳ ಕೇಳಿ, ಹಗುರಾಗಿ ಮರಳುತ್ತಿದ್ದ.

ವ್ಯಾಪಾರ ಕುದುರಿತು. ಅವನು ಮರದ ದೋಣಿ ಮಾರಿ ಫೈಬರ್ ಹಾಯಿದೋಣಿ ಕೊಂಡ. ಚಿಕ್ಕದಾದರೂ ಚೊಕ್ಕ ದೋಣಿ. ಇಬ್ಬರು ಮಲಗಲು ಒಳಗೆ ಪುಟ್ಟ ಕೋಣೆಯೂ ಇತ್ತು. ಆ ವರ್ಷ ಅದರಲ್ಲೇ ಅಕ್ಕನ ಊರಿಗೆ ಹೋದ. ಅಕ್ಕ ಮೊಣಕಾಲು ನೀರಿಗೆ ಇಳಿದು ಬಂದು ದೋಣಿಯ ಮೈ ಸವರಿ ನೋಡಿದಳು.

"ಇದನ್ನೂ ವರ್ಷ ವರ್ಷ ನೀರಿಗೆ ಇಳಿಸಲೇಬೇಕಾ, ತಮ್ಮಾ?"

"ಬೇಡ ಅಕ್ಕಾ. ದಡದಲ್ಲಿ ಎಷ್ಟು ದಿನ ಬಿಟ್ಟರೂ ಇದಕ್ಕೇನೂ ಆಗೋದಿಲ್ಲ."

ಅಕ್ಕನ ಮುಖ ಸಪ್ಪಗಾಯಿತು. "ಮರದ್ದೇ ಚೆನ್ನಾಗಿತ್ತು ಕಣೋ" ಎಂದಳು. ವಯಸ್ಸಾದವರಿಗೆ ಹೊಸದು ಹಿಡಿಸುವುದಿಲ್ಲ ಎಂದುಕೊಂಡು ಅವನು ನಕ್ಕುಬಿಟ್ಟ. ಪಾಪ, ಬುದ್ಧಿವಂತ.

ಮರುವರ್ಷ ಹೊಸ ಗೋದಾಮು ಕಟ್ಟಿಸುವ ಕೆಲಸ ಬಂತು. ದೋಣಿ ಎಲ್ಲಿಗೆ ಹೋಗುತ್ತದೆ, ಬರುವ ವರ್ಷ ನೋಡೋಣ ಎಂದ. ಅದರ ಮರುವರ್ಷ ಮಗಳ ಮದುವೆ. ಆಮೇಲಾಮೇಲೆ ಕಾರಣವೂ ಬೇಕಾಗಲಿಲ್ಲ. ಬಸ್ಸಿನಲ್ಲಿ ಹೋಗಬಹುದಿತ್ತು. ಅಂಥ ದೋಣಿ ಇರುವಾಗ ಬಸ್ಸೇಕೆ ಎಂದುಕೊಂಡ. ಅಕ್ಕನ ಮಾತು ಬಂದಾಗಲೆಲ್ಲ ಅವನ ಕಣ್ಣು ಒದ್ದೆಯಾಗುತ್ತಿತ್ತು. ಅದೇನೂ ನಾಟಕವಲ್ಲ.

ಒಂದು ದಿನ ಅಕ್ಕ ತೀರಿಕೊಂಡ ಸುದ್ದಿ ಬಂತು. ಬಸ್ಸಿನಲ್ಲೇ ಓಡಿದ. ಹೋಗಿ ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ಮನೆಗೆ ಮರಳಿದವನು ದೋಣಿಯ ಮೇಲಿನ ಹೊದಿಕೆ ಎಳೆದು, ಅದನ್ನು ನೀರಿಗೆ ನೂಕಿದ. ಎಲ್ಲಾದರೂ ಒಂದು ಬಿರುಕು ಸಿಗಲಿ ಎಂದು ಒಳಗೆಲ್ಲ ಕೈಯಾಡಿಸಿ ಹುಡುಕಿದ. ಸಿಗಲಿಲ್ಲ. ಒಂದು ಹನಿ ನೀರೂ ಒಳಗೆ ಬರಲಿಲ್ಲ. ಹೋಗಲು ಊರಿಲ್ಲದೆ ಅದರಲ್ಲೇ ಕೂತು ಅತ್ತ.

ಇಷ್ಟು ಹೇಳಿ ಗುರು ಶಿಷ್ಯನ ಮುಖ ನೋಡಿದರು.

"ಅವನ ಪ್ರೀತಿಯಲ್ಲೂ ಒಂದೇ ಒಂದು ಬಿರುಕಿರಲಿಲ್ಲ, ಮಗೂ."