ಹಳೆಯ ಗ್ರಾಹಕರೇ ಎಂದು ಕರೆದ ಮೇಲ್

ಚಳ್ಳಕೆರೆಯಲ್ಲಿ ತಿಪ್ಪೇರುದ್ರಪ್ಪ ಎಂಬುವರ ಫೋಟೋ ಸ್ಟುಡಿಯೋ ಇತ್ತು. ಊರಿನ ಮದುವೆ, ನಾಮಕರಣಗಳ ಚಿತ್ರಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದವು. ತೀರಿಹೋದ ಅಪ್ಪನದೋ ಅಜ್ಜಿಯದೋ ಫೋಟೋ ಬೇಕೆಂದು ಜನ ಅಲ್ಲಿಗೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಅವರಿಗೆ ಮೇಲ್ ಬಂತು. ಫೋಟೋ ತಿದ್ದುವ ಸಾಫ್ಟ್‌ವೇರ್ ಮಾಡುವ ಕಂಪನಿಯ ಗುರುತು ಅದರ ಮೇಲಿತ್ತು. ‘ನಮ್ಮ ಹಳೆಯ ಗ್ರಾಹಕರೇ, ನಿಮ್ಮನ್ನು ಮರೆತಿಲ್ಲ. ಹೊಸ ಆವೃತ್ತಿ ಉಚಿತ. ಇಂದು ಸಂಜೆಯೊಳಗೆ ಕೆಳಗಿನ ಬಟನ್ ಒತ್ತಿ’ ಎಂದಿತ್ತು.

ರುದ್ರಪ್ಪನವರ ಮನಸ್ಸು ಹಿಂದಕ್ಕೆ ಓಡಿತು. ಅವರು ಮೊದಲ ಸಲ ಆ ಸಾಫ್ಟ್‌ವೇರ್ ಕೊಂಡಾಗ ಕಂಪನಿಯವನೊಬ್ಬ ಬಸ್ಸಿನಲ್ಲಿ ಸಿ.ಡಿ. ಹಿಡಿದು ಬಂದಿದ್ದ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ, ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ತುಂಬುವುದನ್ನು ಕಲಿಸಿದ್ದ. ಅದನ್ನು ನೆನೆದು ಅವರಿಗೆ ಕಣ್ಣು ತುಂಬಿತು.

“ಇಷ್ಟು ವರ್ಷವಾದರೂ ನೆನಪಿಟ್ಟಿದ್ದಾರೆ, ನೋಡು” ಎಂದು ಹೆಂಡತಿಗೆ ತೋರಿಸಿದರು.

ಗಿರಿಜಮ್ಮ ಓದಿ ಕೇಳಿದರು: “ನೆನಪಿಟ್ಟವರು ನಿಮ್ಮ ಹೆಸರು ಯಾಕೆ ಬರೆದಿಲ್ಲರೀ?”

ಮೌಸ್ ಮೇಲಿದ್ದ ಬೆರಳು ನಿಂತಿತು. ಕಳಿಸಿದವರ ವಿಳಾಸ ನೋಡಿದರು. ಮೊದಲು ಕಂಪನಿಯ ಹೆಸರಿತ್ತು, @ ಗುರುತಿನ ನಂತರ ಇನ್ನಾವುದೋ ಹೆಸರು. ಅವರು ಬಟನ್ ಮುಟ್ಟಲಿಲ್ಲ. ಕಂಪನಿಯ ವೆಬ್‌ಸೈಟಿನ ಹೆಸರನ್ನು ತಾವೇ ಟೈಪ್ ಮಾಡಿ, ಅಲ್ಲಿದ್ದ ನಂಬರಿಗೆ ಫೋನ್ ಮಾಡಿದರು.

“ರಿಯಾಯಿತಿ ಇರೋದು ನಿಜ ಸರ್, ಆದರೆ ಯಾರಿಗೂ ಉಚಿತ ಕೊಡ್ತಿಲ್ಲ. ಆ ಮೇಲ್ ನಮ್ಮದಲ್ಲ” ಎಂದಳು ಅಲ್ಲಿನ ಹುಡುಗಿ.

ರುದ್ರಪ್ಪನವರು ಹೊಸದುರ್ಗದಲ್ಲಿ ಸ್ಟುಡಿಯೋ ಇಟ್ಟಿದ್ದ, ಅದೇ ಸಾಫ್ಟ್‌ವೇರ್ ಬಳಸುವ ಗೆಳೆಯ ಬಾಬಾಜಾನ್‌ಗೆ ಎಚ್ಚರಿಕೆ ಹೇಳಲು ಕೂಡಲೇ ಫೋನ್ ಮಾಡಿದರು. ಇಬ್ಬರೂ ಹುಡುಗರಾಗಿದ್ದಾಗ ಫೋಟೋ ತೊಳೆಯುವ ಒಂದೇ ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಕೆಲಸ ಕಲಿತವರು.

“ತಡವಾಯ್ತು ರುದ್ರಣ್ಣ” ಎಂದ ಬಾಬಾಜಾನ್. “ಮರೆತಿಲ್ಲ ಅಂತ ಬರೆದಿದ್ರಲ್ಲ, ಕೈ ತಾನಾಗೇ ಹೋಯ್ತು. ಈಗ ಕಂಪ್ಯೂಟರಿನಲ್ಲಿರೋ ಒಂದು ಫೋಟೋನೂ ತೆರೆಯೋಕೆ ಆಗ್ತಿಲ್ಲ. ಎಲ್ಲಕ್ಕೂ ಬೀಗ ಬಿದ್ದಿದೆ. ನಮ್ಮಮ್ಮನ ಫೋಟೋನೂ ಅದರಲ್ಲೇ ಇತ್ತು.”

ರುದ್ರಪ್ಪನವರಿಗೆ ಬಾಬಾಜಾನ್ ಮನೆಯ ಅಂಗಳ ನೆನಪಾಯಿತು. ಅಲ್ಲಿ ಕೂತು ಆ ತಾಯಿಯ ಕೈಯ ರೊಟ್ಟಿ ಎಷ್ಟೋ ಸಲ ತಿಂದಿದ್ದರು. ಸ್ಟುಡಿಯೋದ ಹಳೆಯ ನೆಗೆಟಿವ್‌ಗಳನ್ನೆಲ್ಲ ಹರಡಿಕೊಂಡು ಹುಡುಕಿದರು. ತಾವು ಕೆಲಸ ಕಲಿಯುವಾಗ ತೆಗೆದ ಒಂದು ಸಿಕ್ಕಿತು. ಸ್ವಲ್ಪ ಅಲುಗಿದ ಚಿತ್ರ. ಒಲೆಯ ಮುಂದೆ ಕೂತ ತಾಯಿ ಯಾರನ್ನೋ ಗದರುತ್ತಾ ನಗುತ್ತಿದ್ದರು.

ಅದನ್ನು ಪ್ರಿಂಟ್ ಹಾಕಿಸಿ, ತಾವೇ ಹೊಸದುರ್ಗಕ್ಕೆ ಹೋಗಿ ಕೊಟ್ಟರು.

ಬಾಬಾಜಾನ್ ಬಹಳ ಹೊತ್ತು ನೋಡಿದ. “ಗದರ್ತಾ ಇರೋದು ನನ್ನನ್ನೇ” ಎಂದ.

ನೀತಿ: ನಮ್ಮ ಹಳೆಯ ನೆನಪಿಗೆ ಕೈಹಾಕಿ ಅವಸರ ಮಾಡುವ ಮಾತನ್ನು ಕೂಡಲೇ ನಂಬಬೇಡಿ. ಕಳಿಸಿದವರ ವಿಳಾಸ ನೋಡಿ, ಅವರು ತೋರಿಸಿದ ದಾರಿ ಬಿಟ್ಟು ನಿಮಗೆ ಗೊತ್ತಿರುವ ದಾರಿಯಲ್ಲಿ ಹೋಗಿ ವಿಚಾರಿಸಿ. ನಿಜವಾದ ಕೊಡುಗೆ ವಿಚಾರಿಸಿದರೆ ಓಡಿಹೋಗುವುದಿಲ್ಲ.