ಅಟ್ಟದ ನಿದ್ದಮ್ಮ ಗಾಡಿ ಹತ್ತಿದ್ದು

ಹೊಸ ಮನೇಲಿ ನಿದ್ದೆ ಬರಲ್ಲ ಅಂತೀಯಲ್ಲ ಚಿನ್ನೂ, ಬಾ, ಈ ಕಡೆ ಹೊರಳು. ನಾನು ಎಷ್ಟೋ ಊರಿನ ಎಷ್ಟೋ ಸೂರಿನ ಕೆಳಗೆ ಮಲಗಿದೋಳು, ಮೊದಲನೇ ರಾತ್ರಿ ಎಲ್ಲಾ ಮನೇನೂ ಹೀಗೇ ಕಣ್ಣು ಬಿಟ್ಕೊಂಡು ನಮ್ಮನ್ನೇ ನೋಡುತ್ತೆ. ಕಾಲು ಚಾಚ್ಕೋ, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಮನೆಗಳಿಗೆ ಇನ್ನೂ ಬೀಗ ಬರೋದಕ್ಕೆ ಮುಂಚೆ, ಒಂದು ಕೆರೆ ದಂಡೇಲಿ ಬಳೆ ಮಾರೋ ಸಣ್ಣಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಚಿಕ್ಕವನಿಗೆ ಒಂದು ಹೆಣ್ಣುಕೂಸು, ಸೇವಂತಿ ಅಂತ. ಆ ಕಾಲದಲ್ಲಿ ನಿದ್ದೆ ಅನ್ನೋದು ಈಗಿನ ಹಾಗೆ ಕಂಡಕಂಡಲ್ಲಿ ಸಿಗ್ತಿರಲಿಲ್ಲವಂತೆ. ಮನೆಗೊಂದು ಬೆಕ್ಕು ಇರೋ ಹಾಗೆ ಮನೆಗೊಬ್ಬಳು ನಿದ್ದಮ್ಮ. ಸಣ್ಣಮ್ಮನ ಮನೆ ನಿದ್ದಮ್ಮ ಅಟ್ಟದ ಮೇಲೆ ಹುಣಸೆಹಣ್ಣಿನ ಮಡಕೆಗಳ ಮಧ್ಯೆ ಇರ್ತಿದ್ದಳಂತೆ, ದಪ್ಪಗೆ, ಸೋಮಾರಿಯಾಗಿ, ಮೊಣಕಾಲು ದಾಟೋ ಜಡೆ ಬಿಟ್ಕೊಂಡು. ದೀಪ ಸಣ್ಣಗೆ ಮಾಡಿದ ಮೇಲೆ ಆ ಜಡೆ ಕೆಳಗೆ ಇಳಿಬಿಡೋಳು, ಅದರ ತುದಿ ಯಾರ ಕೆನ್ನೆಗೆ ಸೋಕಿತೋ ಅವರು ಅಲ್ಲೇ ಗೊರಕೆ. ಸಣ್ಣಮ್ಮ ಬಳೆ ಮಾರೋಕೆ ಪರವೂರಿಗೆ ಹೋದಾಗ ಯಾರದೋ ಜಗಲೀಲಿ ಕೂತು, ನಿಮ್ಮ ಮನೆ ನಿದ್ದಮ್ಮನ ಜಡೆ ಸ್ವಲ್ಪ ಈ ಕಡೆ ಸರಿಸಿ ತಾಯಿ ಅಂತ ಕೇಳಿ ಮಲಗೋಳಂತೆ.

ಹೀಗಿರೋವಾಗ ಕೆರೆ ನೀರು ತಳಪಾಯಕ್ಕೆ ಜಿನುಗಿ ಜಿನುಗಿ, ಮಣ್ಣಿನ ಗೋಡೆ ಕೆರೆ ಕಡೆಗೆ ವಾಲೋಕೆ ಶುರುವಾಯ್ತಂತೆ. ಇದು ಒಂದಿನ ಕೂತುಬಿಡುತ್ತೆ ಅಂತ ಸಣ್ಣಮ್ಮ ದಿಣ್ಣೆ ಮೇಲೆ ಹೊಸ ಮನೆ ಕಟ್ಟಿಸಿದಳಂತೆ. ಆಮೇಲೆ ಯಾವಾಗ ಹೋಗೋದು ಅಂತ ಮಾತು ಬಂತು. ಆಷಾಢದಲ್ಲಂತೂ ಯಾರೂ ಮನೆ ಬದಲಾಯಿಸಲ್ಲ, ಅದು ಕಳೀತು. ದೊಡ್ಡವನು, ಶ್ರಾವಣಾನೇ ಸರಿ ಕಣವ್ವಾ, ಜೋಯಿಸರು ಪಂಚಾಂಗ ಬಿಚ್ಚಿ ಹೇಳಿದಾರೆ ಅಂದನಂತೆ. ಸರಿ, ಉಪ್ಪು, ದೀಪ, ಹಳೇ ಒಲೆ ಕೆಂಡ, ಎಲ್ಲಾ ಹೊತ್ತುಕೊಂಡು ಹೋಗಿ ಹಾಲು ಉಕ್ಕಿಸಿದರಂತೆ, ಹಾಲು ಮೂಡಣಕ್ಕೇ ಉಕ್ಕಿತಂತೆ. ಆದರೆ ಸಂಜೆ ಆದ ಮೇಲೆ ಒಬ್ಬರಿಗೂ ಕಣ್ಣು ಮುಚ್ಚಲೊಲ್ಲದು. ದೊಡ್ಡವರು ಹೇಗೋ ತಡೆದುಕೊಂಡರು, ಮಗು ಮಾತ್ರ ಅತ್ತು ಅತ್ತು ಮೈ ಕಾದು ಹೋಯ್ತಂತೆ. ದೊಡ್ಡವನು ಓಡಿ ಹೋಗಿ ಹಳೇ ಮನೆ ಅಟ್ಟ ನೋಡ್ತಾನೆ, ನಿದ್ದಮ್ಮ ಅಲ್ಲೇ! ಬಾರಮ್ಮ ಅಂದರೆ, ಈ ಕೆಸರಲ್ಲಾ? ನನ್ನ ಜಡೆ ರಾಡಿ ಆಗುತ್ತೆ, ನಿಮ್ಮ ಜೋಯಿಸರನ್ನೇ ಮಲಗಿಸೋಕೆ ಹೇಳು ಅಂದು ಆ ಕಡೆ ಹೊರಳಿದಳಂತೆ. ಇನ್ನೇನು ಮಾಡ್ತಾರೆ, ಮಗು ಉಳಿದರೆ ಸಾಕು ಅಂತ ವಾಲಿದ ಮನೆಗೇ ವಾಪಸ್ಸು ಬಂದರಂತೆ.

ಆಮೇಲೆ ನಡುಕಲವನು, ಮಾಘ ಬರಲಿ, ಕಣದ ಕೆಲಸ ಮುಗಿದಿರುತ್ತೆ, ಎತ್ತು ಖಾಲಿ, ದಾರಿ ಗಟ್ಟಿ ಅಂದನಂತೆ. ಮಾಘದಲ್ಲಿ ಹೋದರು, ಮತ್ತೆ ಅದೇ ಕತೆ. ಮಗು ಈ ಸಲ ಅಳೋದಕ್ಕೂ ಶಕ್ತಿ ಇಲ್ಲದೆ ಸೂರು ನೋಡ್ತಾ ಮಲಗಿತ್ತಂತೆ, ಅದನ್ನ ಕಂಡು ಅದರ ತಾಯಿ ಮಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳಂತೆ. ನಡುಕಲವನು ಕರೆಯೋಕೆ ಹೋದರೆ ನಿದ್ದಮ್ಮ, ಈಗಷ್ಟೇ ಕಂಬಳಿ ಬೆಚ್ಚಗಾಗಿದೆ ಕಣಯ್ಯ, ಎತ್ತಿಗೆ ಬಿಡುವಾದರೆ ನನಗೂ ಬಿಡುವೇನು ಅಂದಳಂತೆ. ಮತ್ತೆ ವಾಪಸ್ಸು.

ಬೇಸಿಗೆ ಬಂತು, ಕೆರೆ ಇಳೀತು, ಒದ್ದೆ ಗೋಡೆ ಒಣಗಿ ಬಿರುಕು ಬಿಡ್ತು. ಬಿರುಕಿನಲ್ಲಿ ಕೈ ಹಾಕಿದರೆ ಆ ಕಡೆ ಗಾಳಿ ತಗುಲೋದಂತೆ. ಚಿಕ್ಕವನು, ವೈಶಾಖದಲ್ಲಿ ನೋಡೋಣವ್ವಾ ಅಂದ. ಗೋಡೆಗೆ ವೈಶಾಖ ಗೊತ್ತೇನೋ ಅಂದಳಂತೆ ಸಣ್ಣಮ್ಮ.

ಅಷ್ಟರಲ್ಲಿ ಯುಗಾದಿ ಬಂತು. ಮಾಯಮ್ಮ ಒಬ್ಬಟ್ಟು ಮಾಡಿದಳು, ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ, ಆ ಘಮ ಅಟ್ಟಕ್ಕೆ ಏರಿ ನಿದ್ದಮ್ಮನೂ ಇಳಿದು ಬಂದು ಉಂಡಳಂತೆ, ಸಾಲದು ಅಂತ ಇನ್ನೆರಡು ಹಾಕಿಸಿಕೊಂಡಳಂತೆ. ಆಮೇಲೆ ನೋಡು, ಮಧ್ಯಾಹ್ನದ ಬಿಸಿಲು, ಬೇವಿನ ಹೂವು ಉದುರೋ ಸದ್ದು ಕೇಳೋವಷ್ಟು ಮೌನ, ಕೇರಿಗೆ ಕೇರೀನೇ ಮಲಗಿಬಿಟ್ಟಿತ್ತು. ಸೇವಂತಿ ಜೋಲಿಯಲ್ಲಿ ಮಲಗಿದ್ದಳು. ನಿದ್ದಮ್ಮನೂ ಅಟ್ಟ ಹತ್ತಲಾರದೆ, ಅದೇ ಜೋಲಿಗೆ ತಲೆ ಆನಿಸಿ ಅಲ್ಲೇ ಒರಗಿದ್ದಳು. ಅವಳ ಜಡೆ ತುದಿ ಮಗುವಿನ ಮುಷ್ಟಿಯಲ್ಲಿತ್ತಂತೆ.

ಸಣ್ಣಮ್ಮ ಅದನ್ನೇ ನೋಡಿದಳು. ಅವಳೂ ಮಗುವಾಗಿದ್ದಾಗ ಅವಳ ಅವ್ವ ಬಳೆ ಮಲಾರ ಹೊತ್ತು, ಇವಳನ್ನ ಕಂಕುಳಲ್ಲಿ ಎತ್ತಿಕೊಂಡು ಊರೂರು ಸುತ್ತುತ್ತಿದ್ದಳು. ಒಂದು ಊರಲ್ಲಿ ಕಣ್ಣು ಮುಚ್ಚಿದರೆ ಇನ್ನೊಂದು ಊರಲ್ಲಿ ಕಣ್ಣು ಬಿಡೋದು, ನಡುವೆ ಎಲ್ಲೂ ನಿದ್ದೆ ಬಿಟ್ಟು ಹೋಗ್ತಿರಲಿಲ್ಲ. ಅಯ್ಯೋ, ಈ ನಿದ್ದಮ್ಮನ್ನ ಕರೀಬಾರದು, ಹೊತ್ಕೊಂಡು ಹೋಗಬೇಕು ಅನ್ನಿಸಿತಂತೆ.

ಮಕ್ಕಳನ್ನ ಮೆಲ್ಲಗೆ ಎಬ್ಬಿಸಿ, ಗಾಡಿ ಕಟ್ಟಿ ಅಂದಳಂತೆ. ದೊಡ್ಡವನು, ಜೋಯಿಸರನ್ನ ಒಂದು ಮಾತು ಕೇಳೋಣವ್ವಾ ಅಂದ. ಅವರೂ ಒಬ್ಬಟ್ಟು ತಿಂದು ಮಲಗಿದಾರೆ, ನಡಿ ಅಂದಳು. ಎತ್ತಿನ ಗೆಜ್ಜೆ ಬಿಚ್ಚಿದರು, ಗಾಡಿಗೆ ಹುಲ್ಲು ಹಾಸಿದರು, ನಾಲ್ಕೂ ಜನ ಸೇರಿ ಜೋಲಿಯನ್ನೂ ನಿದ್ದಮ್ಮನನ್ನೂ ಒಟ್ಟಿಗೆ, ತುಂಬಿದ ಕೊಡದ ಹಾಗೆ ಎತ್ತಿ ಮಲಗಿಸಿದರಂತೆ. ಮಾಯಮ್ಮ ಕೆಂಡದ ಮಡಕೆ, ಉಳಿದ ಒಬ್ಬಟ್ಟಿನ ಬುಟ್ಟಿ ಹಿಡಿದು ಹಿಂದೆ ಬಂದಳು. ಗಾಡಿ ಹುಣಸೆಮರ ದಾಟಿತ್ತೋ ಇಲ್ಲವೋ, ಹಿಂದೆ ಹಳೇ ಮನೆ, ಮೇದು ದಣಿದ ಹಸು ಮಲಗೋ ಹಾಗೆ, ಮೊದಲು ಮಂಡಿ ಊರಿ, ಆಮೇಲೆ ಹೊಟ್ಟೆ ಊರಿ, ಕೆರೆ ಕಡೆಗೆ ಕೂತೇಬಿಟ್ಟಿತಂತೆ. ಧೂಳು ಎದ್ದು ಬಂಗಾರದ ಹಾಗೆ ಹೊಳೀತಂತೆ. ನಿದ್ದಮ್ಮ ಅರ್ಧ ಕಣ್ಣು ತೆರೆದು ಏನದು ಅಂದಳು. ಏನೂ ಇಲ್ಲ, ಯಾರೋ ಮಲಗಿದರು, ನೀನೂ ಮಲಗು ಅಂತ ಸಣ್ಣಮ್ಮ ತಟ್ಟಿದಳಂತೆ.

ದೀಪ ಹಚ್ಚೋ ಹೊತ್ತಿಗೆ ನಿದ್ದಮ್ಮ ಎದ್ದು ನೋಡ್ತಾಳೆ, ಹೊಸ ಸೂರು! ಇದು ಯಾರ ಮನೆ ಅಂದಳು. ನಮ್ಮದೇ ಅಂದರು. ನನ್ನ ಮಡಕೆಗಳೆಲ್ಲಿ ಅಂತ ಗೊಣಗಿದಳು. ಮೂಗು ಸಿಂಡರಿಸಿದಳು. ಹೋಗೋಣ ಅಂದರೆ ಜಡೆ ಇನ್ನೂ ಮಗುವಿನ ಮುಷ್ಟಿಯಲ್ಲೇ. ಅದನ್ನ ಬಿಡಿಸೋಕೆ ಅವಳಿಗೇ ಮನಸ್ಸಾಗಲಿಲ್ಲವಂತೆ. ಹೂಂ, ಒಬ್ಬಟ್ಟು ಉಳಿದಿದೆಯಾ ಅಂತ ಕೇಳಿ, ಒಂದು ತಿಂದು, ಅಟ್ಟ ಹತ್ತಿದಳಂತೆ. ಸೇವಂತಿ ಗುಂಡುಗುಂಡಗೆ ಬೆಳೆದಳಂತೆ. ಮನೆ ಬದಲಾಯಿಸೋಕೆ ಯಾವ ಕಾಲ ಒಳ್ಳೇದು ಅಂತ ಯಾರಾದರೂ ಕೇಳಿದರೆ ಸಣ್ಣಮ್ಮ, ಮಗು ಮಲಗಿರೋ ಕಾಲ ಅನ್ನೋಳಂತೆ.

ಅದಕ್ಕೇ ಕಣೇ, ಇವತ್ತು ಲಾರಿ ಹಿಂದೆ ಕಾರಲ್ಲಿ ಬರೋವಾಗ ನೀನು ನನ್ನ ತೊಡೆ ಮೇಲೆ ಬಾಯಿ ಬಿಟ್ಕೊಂಡು ಮಲಗಿದ್ದೆಯಲ್ಲ, ಬಾಗಿಲಲ್ಲಿ ನಿಮ್ಮಪ್ಪ ಎಬ್ಬಿಸೋಕೆ ಬಂದಾಗ ನಾನು ಗದರಿಸಿ, ಹಾಗೇ ಎತ್ಕೊಂಡು ಒಳಗೆ ನಡಿ ಅಂದಿದ್ದು. ನಿನ್ನ ನಿದ್ದೆ ಆಗಲೇ ಬಂದಾಗಿದೆ, ಮೇಲೆ ಎಲ್ಲೋ ಜಾಗ ನೋಡ್ಕೊಳ್ತಿದೆ ಅಷ್ಟೇ. ಎಲ್ಲಿ, ಮುಷ್ಟಿ ತೋರಿಸು... ಅಗೋ, ಬಿಗಿಯಾಗಿ ಹಿಡ್ಕೊಂಡೇ ಇದೀಯಾ.

ಕತೆ ಅಟ್ಟ ಹತ್ತಿ ಮುಗೀತು, ನಾನೂ ದೀಪ ಸಣ್ಣಗೆ ಮಾಡ್ತೀನಿ.