ನಲವತ್ತು ಚಿನ್ನದ ಗಡಿಯಾರ

“ಗುರುಗಳೇ, ಕದ್ದದ್ದಲ್ಲ, ಕುಡಿತವಲ್ಲ, ಯಾರಿಗೂ ಕೇಡಿಲ್ಲ. ಒಂದು ವಸ್ತುವನ್ನು ಇಷ್ಟಪಟ್ಟು ಕೂಡಿಡುವುದರಲ್ಲಿ ತಪ್ಪೇನು?” ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳಿದರು.

ಒಬ್ಬ ಜವಳಿ ವರ್ತಕನಿದ್ದ. ಹಳೆಯ ಚಿನ್ನದ ಕೈಗಡಿಯಾರ ಕೂಡಿಡುವುದು ಅವನಿಗೆ ಇಷ್ಟ. ತಾರೀಖು ತೋರಿಸುವಂಥದ್ದೇ ಆಗಬೇಕು. ಒಂದು ಗೀರೂ ಇರಬಾರದು. ಇಪ್ಪತ್ತು ವರ್ಷದಲ್ಲಿ ನಲವತ್ತಾದವು. ಒಂದನ್ನೂ ಕೈಗೆ ಕಟ್ಟಲಿಲ್ಲ, ಬೆವರಿಗೆ ಹೊಳಪು ಹೋದೀತು ಎಂದು. ನಿಲ್ಲಲೂ ಬಿಡಲಿಲ್ಲ. ನಿಂತರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ. ದಿನವೂ ಬೆಳಿಗ್ಗೆ ನಲವತ್ತಕ್ಕೂ ಕೀ ಕೊಡುತ್ತಿದ್ದ.

ತಿಂಗಳು ಯಾವುದೆಂದು ಗಡಿಯಾರಕ್ಕೇನು ಗೊತ್ತು. ಫೆಬ್ರವರಿ ಮುಗಿದ ಮಾರನೇ ದಿನ ಎಲ್ಲವೂ ಇಪ್ಪತ್ತೊಂಬತ್ತು ಎಂದು ತೋರಿಸುತ್ತಿದ್ದವು. ಒಂದು ತಾರೀಖು ಮುಂದೆ ಹೋಗಬೇಕಾದರೆ ಗಂಟೆಯ ಮುಳ್ಳನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ಇಪ್ಪತ್ತೊಂಬತ್ತರಿಂದ ಒಂದಕ್ಕೆ ತರಲು ಮೂರು ತಾರೀಖು, ಆರು ಸುತ್ತು. ಅವಸರ ಮಾಡಿದರೆ ಒಳಗಿನ ಹಲ್ಲು ಮುರಿಯುತ್ತದೆ.

ಆ ವರ್ಷ ಹೆಂಡತಿಗೆ ಉಬ್ಬಸ. ಮೂರು ವಾರದಿಂದ ಮಲಗಿದಲ್ಲೇ ಇದ್ದಳು. ಮಾರ್ಚ್ ಒಂದರ ಬೆಳಿಗ್ಗೆ ಒಳಕೋಣೆಯಿಂದ ಕರೆದಳು.

“ರೀ, ಸ್ವಲ್ಪ ಬನ್ನಿ. ಹತ್ತಿರ ಕೂತ್ಕೊಳ್ಳಿ.”

“ಬಂದೆ ಕಣೇ. ಇನ್ನು ಏಳೇ ಉಳಿದಿರೋದು.”

“ಆಗಲಿ. ಮೊದಲು ನನ್ನ ಸವತಿಯರದ್ದು ಮುಗಿಯಲಿ ಬಿಡಿ,” ಎಂದು ಅವಳು ನಕ್ಕಳು. ನಗುವಿನ ಹಿಂದೆಯೇ ಕೆಮ್ಮು ಬಂತು. ಆಮೇಲೆ ಕೆಮ್ಮು ನಿಂತಿತು. ನಿಂತಿತಲ್ಲ, ಒಳ್ಳೆಯದಾಯಿತು ಎಂದುಕೊಂಡ.

ಏಳೂ ಮುಗಿದವು. ಪೆಟ್ಟಿಗೆ ಮುಚ್ಚಿ, ಕೈ ಒರೆಸಿಕೊಂಡು ಒಳಗೆ ಹೋದ. ಅವಳ ಕೈ ಹಿಡಿದ. ತಣ್ಣಗಿತ್ತು.

ಪುರೋಹಿತರು ಬಂದರು. “ಪ್ರಾಣ ಹೋದದ್ದು ಎಷ್ಟು ಹೊತ್ತಿಗೆ? ನಕ್ಷತ್ರ ನೋಡಬೇಕು. ಕೆಟ್ಟ ನಕ್ಷತ್ರವಾದರೆ ಮನೆಗೆ ಬೀಗ ಹಾಕಬೇಕಾಗುತ್ತದೆ,” ಎಂದರು.

ವರ್ತಕ ಪೆಟ್ಟಿಗೆ ತೆರೆದು ನೋಡಿದ. ನಲವತ್ತರಲ್ಲೂ ಒಂದನೇ ತಾರೀಖು. ನಲವತ್ತರಲ್ಲೂ ಹನ್ನೊಂದೂ ಹತ್ತು. ಅದು ಈಗಿನ ಹೊತ್ತು.

“ಗೊತ್ತಿಲ್ಲ ಸ್ವಾಮಿ,” ಎಂದ.

“ಯಾಕೆ, ನೀವು ಊರಲ್ಲಿರಲಿಲ್ಲವೇ?”

“ಇದ್ದೆ. ಪಕ್ಕದ ಕೋಣೆಯಲ್ಲೇ ಇದ್ದೆ.”

ಪುರೋಹಿತರು ಪಂಚಾಂಗ ಮಡಚಿದರು. ಹೊತ್ತು ತಿಳಿಯದ ಸಾವು, ಯಾವುದಕ್ಕೂ ಇರಲಿ, ಆರು ತಿಂಗಳು ಮನೆ ಬಿಡಿ ಎಂದರು. ವರ್ತಕ ಬೀಗ ಹಾಕಿದ. ಹತ್ತಿರದ ಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದ. ಬೇರೇನೂ ಒಯ್ಯಲಿಲ್ಲ, ಪೆಟ್ಟಿಗೆಯೊಂದನ್ನು ಒಯ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: “ಆಮೇಲಾದರೂ ಆ ಗಡಿಯಾರಗಳನ್ನು ಬಿಟ್ಟನೇ?”

“ಇಲ್ಲಪ್ಪ, ಈಗ ನಡುವೆ ಕರೆಯುವವರಿಲ್ಲ, ನಲವತ್ತನ್ನೂ ಒಂದೇ ಪಟ್ಟಿಗೆ ಮುಗಿಸುತ್ತಾನೆ.”